ಹದ ಬಂದ ಮಣ್ಣು

ಇದನ್ನು ಬರೆಯಲು ನೀನು ಯಾರು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದ್ದರಿಂದ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಹೋಕನ್, ಗ್ರೇಸ್‌ಹುಲ್ಟ್ ಊರಿನ ಚರ್ಚಿನಲ್ಲಿ ಗಂಟೆ ಹೊಡೆಯುವವನು, ಸತ್ತವರಿಗೆ ಗುಂಡಿ ತೋಡುವವನು. ಅಕ್ಷರ ಕಲಿತದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಪಾದ್ರಿಯ ತಾಯಿ ಸಂಜೆ ಹೊತ್ತು ನಮ್ಮಂಥ ನಾಲ್ಕು ಜನರನ್ನು ಅಡುಗೆಮನೆಯ ಒಲೆಯ ಪಕ್ಕ ಕೂರಿಸಿ ಹೇಳಿಕೊಟ್ಟ ಪಾಠವೇ ನನ್ನ ವಿದ್ಯೆ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ನನಗೆ ಸರಿಯಾಗಿ ತಿಳಿಯದು. ಸತ್ತವರ ಬಗ್ಗೆ ತಪ್ಪು ಬರೆದರೆ ತಿದ್ದಲು ಅವರು ಎದ್ದು ಬರುವುದಿಲ್ಲ ಎಂಬ ಭಯ ಬೇರೆ. ಎರಡು ಸಲ ಬರೆದು ಒಲೆಗೆ ಹಾಕಿದೆ. ಇದು ಮೂರನೆಯದು.

ನಮ್ಮಲ್ಲಿ ಹೊಲ ರೈತನದು, ಕುರಿ ರೈತನದು, ಕುರಿಹಟ್ಟಿಯ ಗೋಡೆ, ಮಾಡು ಎಲ್ಲವೂ ರೈತನದು. ಹಟ್ಟಿಯ ನೆಲದ ಮಣ್ಣು ಮಾತ್ರ ಅರಸನದು. ಗಂಜಳ, ಹಿಕ್ಕೆ ಇಳಿದು ವರ್ಷಗಟ್ಟಲೆ ಕೊಳೆತ ಆ ಮಣ್ಣನ್ನು ನೀರಲ್ಲಿ ನೆನೆಸಿ, ಸೋಸಿ, ಕುದಿಸಿದರೆ ಪೆಟ್ಲುಪ್ಪು ಸಿಗುತ್ತದೆ. ಪೆಟ್ಲುಪ್ಪಿಲ್ಲದೆ ಕೋವಿಗೆ ಮದ್ದಿಲ್ಲ. ಆದ್ದರಿಂದ ಹಟ್ಟಿಗೆ ಯಾರೂ ಹಲಗೆ ಹಾಸಬಾರದು, ಕಲ್ಲು ಹಾಸಬಾರದು. ಆರು ವರ್ಷಕ್ಕೊಮ್ಮೆ ಪೆಟ್ಲುಪ್ಪು ತೆಗೆಯುವ ಸರ್ಕಾರದ ಮಾಸ್ತರ ತಾಮ್ರದ ಕೊಪ್ಪರಿಗೆ ಹೇರಿಕೊಂಡು ಬರುತ್ತಾನೆ, ಮಣ್ಣು ಅಗೆಸುತ್ತಾನೆ, ಸಾರ ತೆಗೆದ ಮಣ್ಣನ್ನು ಹಿಂದಕ್ಕೆ ತುಂಬಿಸಿ ಮುಂದಿನ ಊರಿಗೆ ಹೋಗುತ್ತಾನೆ. ಅಗೆಯುವುದು, ನೀರು ಹೊರುವುದು, ಸೌದೆ ಒಡೆಯುವುದು ಊರವರ ಪಾಲು.

ಇನ್ನೊಂದು ಕಟ್ಟಳೆಯನ್ನೂ ಹೇಳಬೇಕು. ನಾಲ್ಕು ಮನೆ ಸೇರಿ ಒಬ್ಬ ಸಿಪಾಯಿಯನ್ನು ಕೊಡಬೇಕು. ಅವನ ಅಂಗಿ, ಬೂಟು, ಕೈಚೀಲ ಎಲ್ಲವೂ ಆ ನಾಲ್ಕು ಮನೆಯದೇ. ಅವನು ಸತ್ತರೆ ಅಥವಾ ಕಾಣೆಯಾದರೆ ಅದೇ ನಾಲ್ಕು ಮನೆ ಇನ್ನೊಬ್ಬನನ್ನು ಹುಡುಕಿಕೊಡಬೇಕು. ಕಲ್ಲುಗುಡ್ಡೆಯ ಬದಿಯ ನಾಲ್ಕು ಮನೆಗಳ ಸಿಪಾಯಿ ಮೋನ್ಸ್. ಅವನ ಅಕ್ಕ ಎಲಿನ್, ಗಂಡ ಸತ್ತ ಮೇಲೆ ಒಬ್ಬಳೇ ಒಕ್ಕಲುತನ ಮಾಡುತ್ತಿದ್ದವಳು, ಆ ನಾಲ್ವರಲ್ಲಿ ಒಬ್ಬಳು. ಬೇಲಿಯಾಚೆಯ ಗುಡ್ಮುಂಡ್ ಇನ್ನೊಬ್ಬ.

ಸಾವಿರದ ಏಳುನೂರ ಹತ್ತನೆಯ ಇಸವಿಯ ಚಳಿಗಾಲದ ಕೊನೆಗೆ ಹೆಲ್ಸಿಂಗ್‌ಬೋರಿಯಲ್ಲಿ ಡೇನರ ಜೊತೆ ಯುದ್ಧವಾಯಿತು. ಮೋನ್ಸ್ ಕಾಣೆ ಎಂದು ಸುದ್ದಿ ಬಂತು. ನಾಲ್ಕು ಮನೆಯವರು ಸೇರಿ ಚೀಟಿ ಎತ್ತಿದರು. ಗುಡ್ಮುಂಡನ ಒಬ್ಬನೇ ಮಗ ಪೋವೆಲ್‌ನ ಹೆಸರು ಬಂತು. ಮೇ ತಿಂಗಳಲ್ಲಿ ಪೋವೆಲ್ ಹೊರಟ. ಎಲಿನ್ ಅವನಿಗೆ ದಾರಿಗೆಂದು ಒಂದು ಚೀಸಿನ ಗಟ್ಟಿ ಕೊಟ್ಟು ಕೆನ್ನೆ ಸವರಿದಳು. ನಾನು ನೋಡಿದೆ.

ಆ ಹೊತ್ತಿಗೆ ಮೋನ್ಸ್ ಅವಳ ಹಟ್ಟಿಯ ಅಟ್ಟದಲ್ಲಿ, ಹುಲ್ಲಿನ ನಡುವೆ ಮಲಗಿದ್ದ.

ಏಪ್ರಿಲ್‌ನಲ್ಲೇ ತೊಡೆಯ ಗಾಯ ಕಟ್ಟಿಕೊಂಡು ಕಾಡುಹಾದಿಯಲ್ಲಿ ನಡೆದು ಬಂದಿದ್ದನಂತೆ. ಓಡಿಬಂದ ಸಿಪಾಯಿಗೆ ನೇಣು, ಬಚ್ಚಿಟ್ಟವರಿಗೂ ಶಿಕ್ಷೆ. ಪಾದ್ರಿಗೆ ಗಂಟಲು ಕಟ್ಟಿದ ಒಂದು ಭಾನುವಾರ ಆ ಆಜ್ಞೆಯನ್ನು ಓದಿಹೇಳಿದವನು ನಾನೇ. ಎಲಿನ್ ಮೊದಲ ಸಾಲಿನಲ್ಲಿ ತಲೆ ಬಗ್ಗಿಸಿಕೊಂಡು ಕೇಳುತ್ತಿದ್ದಳು. ಬೇಸಿಗೆಯೆಲ್ಲ ಅವನ ಗಾಯ ಮಾಯುವುದು, ಮತ್ತೆ ಬಿರಿಯುವುದು ನಡೆಯಿತು. ಸೆಪ್ಟೆಂಬರ್ ಕೊನೆಗೆ, ಮಿಕೇಲನ ಹಬ್ಬದ ಸಂತೆಯ ಹಿಂದಿನ ದಿನ ಅವನು ಸತ್ತ.

ಸಂತೆಯ ದಿನ ಊರೆಲ್ಲ ಖಾಲಿ. ಎಲಿನ್ ನನ್ನ ಬಾಗಿಲಿಗೆ ಬಂದಳು.

"ಹೋಕನಣ್ಣ, ನೀನು ಬೈದ್ರೂ ಸರಿ, ನನ್ ಕೈಲಿ ಇನ್ ಯಾರ್ ಹತ್ರಾನೂ ಹೋಗಕ್ಕಾಗಲ್ಲ," ಎಂದು ಶುರುಮಾಡಿ ಎಲ್ಲವನ್ನೂ ಹೇಳಿದಳು. "ಚರ್ಚಿನ ಮಣ್ಣಲ್ಲಿ ಮಲಗ್ಸಿ ಅಂತ ಕೇಳ್ದ. ಅದೊಂದೇ ಕೇಳಿದ್ದು."

"ಈಗ ಆಗಲ್ಲ ಎಲಿನಕ್ಕ. ಹೊಸ ಗುಂಡಿ ಅಂದ್ರೆ ಯಾರದ್ದು ಅಂತ ಎಲ್ರೂ ಕೇಳ್ತಾರೆ."

"ಹಂಗಾದ್ರೆ ಯಾವಾಗ?"

"ಹಿಮ ಬೀಳೋಕೆ ಮುಂಚೆ. ಯಾರದ್ದಾದ್ರೂ ಗುಂಡಿ ತೋಡಿದಾಗ ಅದರ ಕೆಳಗೇ ಇನ್ನೆರಡು ಮೊಳ ತೋಡಿ ಇವನನ್ನ ಮಲಗಿಸ್ತೀನಿ. ಮಾತು ಕೊಟ್ಟೆ."

ಅಲ್ಲಿಯ ತನಕ ಹಟ್ಟಿಯಲ್ಲೇ ಇರಲಿ ಎಂದುಕೊಂಡೆವು. ಸರ್ಕಾರದವರು ಎರಡು ವರ್ಷದ ಹಿಂದೆ ತಾನೇ ಅಲ್ಲಿ ಅಗೆದು ಹೋಗಿದ್ದರು. ಇನ್ನು ನಾಲ್ಕು ವರ್ಷ ಆ ಕಡೆ ತಲೆ ಹಾಕುವುದಿಲ್ಲ. ಒಳಮೂಲೆಯಲ್ಲಿ ಗುಂಡಿ ತೋಡಿದೆ. ಆ ಶರತ್ಕಾಲ ಸ್ಟಾಕ್‌ಹೋಮ್ ಕಡೆಯಿಂದ ಪ್ಲೇಗ್ ಇಳಿದು ಬರುತ್ತಿತ್ತು. ಹೆಣದ ಮೇಲೆ ಸುಣ್ಣ, ಬೂದಿ ಹಾಕಿ ಮುಚ್ಚಬೇಕೆಂಬ ಆಜ್ಞೆಯನ್ನೂ ಚರ್ಚಿನ ಬಾಗಿಲಿಗೆ ಹೊಡೆದಿದ್ದರು. ಮೋನ್ಸ್ ಪ್ಲೇಗಿನಿಂದ ಸತ್ತವನಲ್ಲ. ಆದರೂ ಒಂದು ಆಜ್ಞೆ ಮುರಿಯುತ್ತಿರುವಾಗ ಇನ್ನೊಂದನ್ನಾದರೂ ಪಾಲಿಸೋಣ ಎನ್ನಿಸಿತು. ನನ್ನ ಸ್ವಭಾವವೇ ಹಾಗೆ. ಒಂದು ಪದರ ಹುಲ್ಲು, ಒಂದು ಪದರ ಸುಣ್ಣ, ಒಂದು ಪದರ ಒಲೆಬೂದಿ, ಮೇಲೆ ಸಡಿಲ ಮಣ್ಣು, ಹೀಗೆ ಬಹಳ ಎಚ್ಚರದಿಂದ ಹಾಕಿದೆ. ನಾಯಿ ಕೆದಕಬಾರದೆಂದು ಎಲಿನ್ ತನ್ನ ಹನ್ನೆರಡು ಕುರಿಗಳನ್ನು ಆ ಮೂಲೆಯಲ್ಲೇ ಕಟ್ಟಿದಳು. ನಾನು ಪಾದ್ರಿಯಲ್ಲ, ಆದರೂ ಪ್ರಾರ್ಥನೆ ಹೇಳಿದೆ. ಅದು ಸಲ್ಲುತ್ತದೆಯೋ ಇಲ್ಲವೋ ಕೇಳಲು ಯಾರೂ ಇರಲಿಲ್ಲ.

ಹಿಮ ಬಿತ್ತು. ನೆಲ ಕಲ್ಲಾಯಿತು. ವಸಂತ ಬಂತು, ಪ್ಲೇಗಿನ ಕಾವಲುಗಾರರು ದಾರಿಯಲ್ಲಿ ನಿಂತರು. ಬೇಸಿಗೆಯಲ್ಲಿ ಭುಜ ನೋವು ಎಂದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ಎಲಿನ್ ಪ್ರತಿ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನನ್ನ ಮುಖ ನೋಡುತ್ತಿದ್ದಳು. ನಾನು ಗಂಟೆಯ ಹಗ್ಗ ನೋಡುತ್ತಿದ್ದೆ.

ಹನ್ನೆರಡನೆಯ ಇಸವಿಯ ಜೂನ್‌ನಲ್ಲಿ ಮಾಸ್ತರ ಯೋಕಿಮ್ ಕೊಪ್ಪರಿಗೆಯ ಗಾಡಿಯೊಂದಿಗೆ ಬಂದ. ಎರಡು ವರ್ಷ ಮೊದಲೇ.

"ಲೆಕ್ಕ ತಪ್ಪಿದೀರಿ ಮಾಸ್ತರೇ," ಎಂದ ಗುಡ್ಮುಂಡ್, ಊರ ಬಯಲಿನಲ್ಲಿ ಎಲ್ಲರ ಮುಂದೆ. "ಮಣ್ಣಿನ್ನೂ ಹಸೀದು. ನಮ್ ಕುರಿಗಳೇನು ನಿಮ್ಮ ಅವಸರಕ್ಕೆ ಉಚ್ಚೆ ಹೊಯ್ತಾವಾ?"

"ಅವಸರ ನಂದಲ್ಲಪ್ಪ. ಅರಸರು ತುರ್ಕರ ನಾಡಲ್ಲಿ ಕೂತವ್ರೆ, ಇಲ್ಲಿ ಹೊಸ ದಂಡು ಕಟ್ಟಬೇಕು. ಹಸೀದೋ ಹಣ್ಣಾದದ್ದೋ, ಇದ್ದಷ್ಟು ತಗೊಂಡ್ಬಾ ಅಂದವ್ರೆ."

"ಮುಂದಿನ ಸಲ ನಮ್ಮನ್ನೇ ನಿಲ್ಲಿಸಿ ಹಿಂಡಿಬಿಡಿ. ಕುರಿ ಯಾಕೆ ಪಾಪ."

ಜನ ನಕ್ಕರು. ಮಾಸ್ತರನೂ ನಕ್ಕ. ಅವನು ಕೆಟ್ಟವನಲ್ಲ. ಮುದುಕ, ಬೆರಳ ತುದಿಗಳು ಹಳದಿಗಟ್ಟಿದ್ದವು. ಮಣ್ಣಿನ ಹದವನ್ನು ನಾಲಿಗೆಯಿಂದ ನೋಡುವ ಪರಿಣತ. ಪೆಟ್ಲುಪ್ಪು ಇದ್ದರೆ ನಾಲಿಗೆ ತಣ್ಣಗಾಗುತ್ತದಂತೆ. ಒಂದೊಂದು ಹಟ್ಟಿಗೂ ಹೋಗಿ, ಚಿಟಿಕೆ ಮಣ್ಣು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಉಗಿದು, "ಸಪ್ಪೆ" ಎನ್ನುತ್ತಾ ನಡೆದ. ಗುಡ್ಮುಂಡನದು ಸಪ್ಪೆ. ಪಾದ್ರಿಯದೂ ಸಪ್ಪೆ. ನಾನು ಹಿಂದೆ ಹಿಂದೆಯೇ ಹೋದೆ. ಎಲಿನಳದೂ ಸಪ್ಪೆಯಾಗಲಿ ದೇವರೇ, ಎಂದು ಒಂದೇ ಸಮನೆ ಬೇಡುತ್ತಿದ್ದೆ.

ಅವಳ ಹಟ್ಟಿಯ ಬಾಗಿಲಲ್ಲಿ ಚಿಟಿಕೆ ತೆಗೆದು ಉಗಿದ. ನಡುವೆ ತೆಗೆದು ಉಗಿದ. ಒಳಮೂಲೆಯಲ್ಲಿ ಬಗ್ಗಿ ಮಣ್ಣು ಮುಟ್ಟಿದವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಮತ್ತೊಂದು ಚಿಟಿಕೆ ತಗೊಂಡ. ಉಗಿಯಲಿಲ್ಲ.

"ಅಮ್ಮಾ," ಎಂದ ಎಲಿನಳ ಕಡೆ ತಿರುಗಿ, "ಇದನ್ನ ಯಾರು ಹದ ಮಾಡಿದ್ದು?"

ಎಲಿನ್ ನನ್ನ ಕಡೆ ನೋಡಿದಳು.

"ನೋಡು, ಸುಣ್ಣ ಹಾಕಿದೀಯ. ಬೂದಿ ಹಾಕಿದೀಯ. ಹುಲ್ಲು ಪದರ ಪದರವಾಗಿ. ಮೇಲೆ ಕುರಿ ಕಟ್ಟಿದೀಯ. ನಲವತ್ತು ವರ್ಷದಿಂದ ರೈತರಿಗೆ ಹೀಗೆ ಮಾಡಿ ಅಂತ ಹೇಳಿ ಹೇಳಿ ನನ್ನ ಹಲ್ಲು ಬಿದ್ದೋದ್ವು, ಒಬ್ಬನೂ ಮಾಡ್ಲಿಲ್ಲ. ನಾಲಿಗೆ ಮೇಲೆ ಹಿಮ ಇಟ್ಟಂಗಾಗ್ತದೆ, ತಾಯಿ! ಇಂಥ ಮಣ್ಣು ನಾನು ಕಂಡಿಲ್ಲ."

ವಾಸನೆ ಬಾರದಿರಲೆಂದು, ಆಜ್ಞೆ ಮುರಿಯಬಾರದೆಂದು ನಾನು ಮಾಡಿದ್ದೆಲ್ಲ ಪೆಟ್ಲುಪ್ಪು ಬೆಳೆಸುವ ಕ್ರಮವೇ ಆಗಿತ್ತು. ಸುಮ್ಮನೆ ಮಣ್ಣು ಮುಚ್ಚಿದ್ದರೆ ಅವನು ಉಗಿದು ಹೋಗುತ್ತಿದ್ದ.

ಮಾಸ್ತರ ಹೊರಬಂದು ಹಟ್ಟಿಯ ಬಾಗಿಲಿಗೆ ಅರಗಿನ ಮುದ್ರೆ ಒತ್ತಿದ. ಒಳ್ಳೆಯ ಮಣ್ಣನ್ನು ಪಕ್ಕದವರು ಕದ್ದು ತಮ್ಮ ಹಟ್ಟಿಗೆ ಬೆರೆಸಿಕೊಳ್ಳುವುದುಂಟು. ತನ್ನ ಇಬ್ಬರು ಆಳುಗಳಿಗೆ ಹಟ್ಟಿಯ ಮುಂದೆಯೇ ಡೇರೆ ಹಾಕಲು ಹೇಳಿದ. "ನಾಳೆ ಬೆಳಗ್ಗೆ ಇಲ್ಲಿಂದಲೇ ಶುರು. ಕಲ್ಲುಗುಡ್ಡೆಯ ಮನೆಯವರು ಸಲಿಕೆ ತಗೊಂಡು ಬನ್ನಿ."

ಎಲಿನ್ ಬಾವಿಯ ಹತ್ತಿರ ನನ್ನನ್ನು ತಡೆದಳು.

"ಮುದ್ರೆ ಒಡೆದ್ರೆ?"

"ಆಳುಗಳಿದಾರೆ."

"ಕರು ಹೂತಿದ್ವಿ ಅಂದ್ರೆ? ದನದ ಜಾಡ್ಯ ಬರದಿರ್ಲಿ ಅಂತ ಮುಂಚೆ ಎಲ್ರೂ ಹೂಳ್ತಿದ್ರಲ್ಲ. ಪಾದ್ರಿ ಬೈತಾರೆ, ಚರ್ಚಿನ ಮುಂದೆ ಕಾಲಿಗೆ ಕೊರಡು ಹಾಕಿ ಕೂರಿಸ್ತಾರೆ. ಕೂರ್ತೀನಿ ಬಿಡು."

"ತಲೆಬುರುಡೆ ಕಂಡ್ರೆ ಕರು ಅಂತಾರಾ ಅಕ್ಕ?"

ಅವಳು ಬಿಂದಿಗೆಯನ್ನು ನೆಲಕ್ಕಿಟ್ಟಳು. "ಸರ್ಕಾರದವ್ರು ನೋಡಿದ್ರೆ ಚಾಟಿ ಹೊಡೀತಾರೆ, ಮನೆ ಕಿತ್ಕೋತಾರೆ. ಅದಕ್ಕೂ ನಾ ಹೆದರಲ್ಲ. ಗುಡ್ಮುಂಡ್ ನೋಡಿದ್ರೆ?" ಎಂದಳು. "ಅವನ ಮಗ ಹೋದದ್ದು ಇವನ ಬದಲು."

ನಾನೇ ಆ ಮೂಲೆ ಅಗೆಯುತ್ತೇನೆ ಎಂದೆ. ಅದೊಂದೇ ಉಪಾಯ ನನಗೆ ಹೊಳೆದದ್ದು.

ಮರುದಿನ ಬೆಳಕು ಚೆನ್ನಾಗಿತ್ತು. ಉಳಿದ ಮನೆಯವರು ನೀರು, ಸೌದೆಗೆ ಹೋಗಿದ್ದರು; ಹಟ್ಟಿಯ ಒಳಗೆ ಗುಡ್ಮುಂಡ್, ನಾನು. ಹೊರಗೆ ಅಂಗಳದಲ್ಲಿ ಮಾಸ್ತರನ ಮರದ ತೊಟ್ಟಿಗಳು. ಆಳುಗಳು ಕೈಗಾಡಿಯಲ್ಲಿ ಮಣ್ಣು ಒಯ್ದು ಅವಕ್ಕೆ ತುಂಬುತ್ತಿದ್ದರು. ಎಲಿನ್ ಬಾಗಿಲಲ್ಲಿ ಬಿಯರಿನ ಕೊಡ ಹಿಡಿದು ನಿಂತಿದ್ದಳು. ನಾನು ನೇರವಾಗಿ ಒಳಮೂಲೆಗೆ ಹೋದೆ. ಗಂಟೆಯವನಿಗೆ ಈ ಬಿಟ್ಟಿ ಕೆಲಸವಿಲ್ಲ. ನಾನು ಬಂದದ್ದೇ ಗುಡ್ಮುಂಡನಿಗೆ ಆಶ್ಚರ್ಯ.

"ಏನಪ್ಪ, ದೇವರ ಕೆಲಸ ಬೇಜಾರಾಯ್ತಾ?"

"ಎಲಿನಕ್ಕಂಗೆ ಗಂಡು ದಿಕ್ಕಿಲ್ಲ, ಅದಕ್ಕೆ ಬಂದೆ."

"ಓಹೋ! ಹಂಗೆ ಸಮಾಚಾರ. ಮದುವೆ ಊಟ ಯಾವಾಗ?" ನಗುತ್ತಾ ಬಾಗಿಲ ಕಡೆಯಿಂದ ಅಗೆಯತೊಡಗಿದ. ನಾನು ಮೇಲೆ ಮೇಲೆ ಕೆರೆಯುತ್ತಿದ್ದೆ. ಸಲಿಕೆ ಒಂದು ಗೇಣೂ ಇಳಿಯುತ್ತಿರಲಿಲ್ಲ. ಗುಡ್ಮುಂಡ್ ಮುಕ್ಕಾಲು ಹಟ್ಟಿ ಮುಗಿಸಿ ಬಂದು ನನ್ನ ಹಿಂದೆ ನಿಂತ.

"ಇದೇನು, ಕೋಳಿ ಕೆದಕಿದಂಗೆ? ನಿಂದು ಹಗ್ಗ ಎಳೆಯೋ ಕೈ ಮಾರಾಯ. ಸರಿ ಆ ಕಡೆ."

"ಇಲ್ಲ ಅಣ್ಣ, ನಾನೇ—"

"ಸರಿ ಅಂದ್ನಲ್ಲ."

ಅವನ ಸಲಿಕೆ ನಾಲ್ಕನೆಯ ಸಲ ಇಳಿದಾಗ ಸದ್ದು ಬೇರೆಯಾಯಿತು. ಬಗ್ಗಿ ಕೈಯಿಂದ ಸರಿಸಿದ. ಸುಣ್ಣ ಹೆಪ್ಪುಗಟ್ಟಿದ ನೀಲಿ ಬಟ್ಟೆಯ ಚೂರು ಬಂತು, ಅದರಲ್ಲಿ ಕೊಂಬಿನ ಗುಂಡಿ. ಅದನ್ನು ಹೆಬ್ಬೆರಳಿನಿಂದ ಉಜ್ಜಿದ. ಆ ನಾಲ್ಕು ಮನೆಯ ಸಿಪಾಯಿಯ ಅಂಗಿಗೆ ಗುಂಡಿ ಕೊರೆದುಕೊಟ್ಟವನು ಗುಡ್ಮುಂಡನೇ, ತನ್ನ ಸತ್ತ ಎತ್ತಿನ ಕೊಂಬಿನಿಂದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ತಲೆ ಎತ್ತದೆ ಕೇಳಿದ: "ಯಾವಾಗ ಬಂದ?"

"ಏಪ್ರಿಲ್," ಎಂದಳು ಎಲಿನ್. "ಹತ್ತನೇ ಇಸವಿ."

"ನಮ್ಮ ಪೋವೆಲ್ ಹೋಗಿದ್ದು ಮೇ."

ಅವಳು ಕೊಡವನ್ನು ಎದೆಗೆ ಒತ್ತಿಕೊಂಡಳು.

"ಚೀಟಿ ಎತ್ತುವಾಗ ನೀನೂ ಇದ್ದೆ. ನನ್ ಎದುರಿಗೇ ಕೂತಿದ್ದೆ."

"ಇದ್ದೆ."

"ಆಮೇಲೆ ಚೀಸು ಕೊಟ್ಟೆ."

"ಗುಡ್ಮುಂಡಣ್ಣ, ಅವನು ನನ್ ತಮ್ಮ—"

"ಗೊತ್ತು. ನನಗೂ ಒಬ್ಬ ಮಗ ಇದ್ದ, ಅದೂ ನಿಂಗೆ ಗೊತ್ತಿತ್ತು."

ಹೊರಗಿನಿಂದ ಮಾಸ್ತರ ಕೂಗಿದ: "ಏನಾಯ್ತ್ರೋ? ಕಲ್ಲು ಸಿಕ್ತಾ? ಗಾಡಿ ಖಾಲಿ ನಿಂತದೆ!"

ಎಲಿನ್ ಬಾಗಿಲಿಗೆ ಅಡ್ಡ ನಿಂತಳು. ನಾನು ಬಾಗಿಲು ನೋಡಿದೆ, ಗುಡ್ಮುಂಡನನ್ನು ನೋಡಿದೆ. ಅವನು ನಿಧಾನವಾಗಿ ಎದ್ದು ನಿಂತ.

"ಏನಿಲ್ಲ ಮಾಸ್ತರೇ," ಎಂದು ಕೂಗಿದ. "ಹಳೇ ಮೂಳೆ. ಕರು ಹೂತವ್ರೆ."

"ಅಯ್ಯೋ, ಇನ್ನೂ ಈ ಮೂಢರು! ಅದಕ್ಕೇ ಮಣ್ಣು ಇಷ್ಟು ಹದವಾಗದೆ. ಮೂಳೆ ಬೇರೆ ಹಾಕಿ, ಮಣ್ಣು ಒಂದು ಹಿಡೀನೂ ಬಿಡಬೇಡಿ."

"ಒಂದು ಹಿಡೀನೂ ಬಿಡಲ್ಲ."

ನನಗೆ ಆ ಕ್ಷಣ ಕೃತಜ್ಞತೆ ಉಕ್ಕಿತು. ಆದರೆ ಅವನ ಮುಖ ನೋಡಿದ ಮೇಲೆ ಅದು ಅಲ್ಲೇ ತಣ್ಣಗಾಯಿತು. ಅವನು ಮೂಳೆಗಳನ್ನು ಒಂದೊಂದಾಗಿ, ಅವಸರವಿಲ್ಲದೆ ರೈ ಕಾಳು ತುಂಬುವ ಗೋಣಿಗೆ ಹಾಕಿದ. ಬಟ್ಟೆಯನ್ನೂ ಹಾಕಿದ. ಆಮೇಲೆ ಆ ಮೂಲೆಯ ಮಣ್ಣನ್ನು ಕೆರೆದ, ಗೋಡೆಗಲ್ಲಿನ ಸಂದುಗಳಿಂದ ಬೆರಳಲ್ಲಿ ತೆಗೆದ, ಕೊನೆಗೆ ಪೊರಕೆ ಹಿಡಿದು ಗುಡಿಸಿದ.

"ಗೋಣಿ ನನಗೆ ಕೊಡು ಅಣ್ಣ," ಎಂದೆ. "ಚರ್ಚಿನ ಅಂಗಳದಲ್ಲಿ—"

"ನೀನು ಒಂದ್ಸಲ ಹೂತಿದೀಯ. ಸಾಕು."

ಗೋಣಿಯನ್ನು ಹೆಗಲಿಗೆ ಹಾಕಿಕೊಂಡು ಅಂಗಳ ದಾಟಿ, ಮಾಸ್ತರನ ಮುಂದೆಯೇ ನಡೆದು ಬೇಲಿ ಹತ್ತಿ ಇಳಿದ. ಮಾಸ್ತರ ತಲೆ ಕೂಡ ಎತ್ತಲಿಲ್ಲ. ಎಲಿನ್ ಅವನ ಹಿಂದೆ ಎರಡು ಹೆಜ್ಜೆ ಹೋದವಳು ನಿಂತಳು. ಕೂಗುವಂತಿರಲಿಲ್ಲ.

ಅರ್ಧ ಗಂಟೆಯಲ್ಲಿ ಅವನು ಬರಿಗೈಯಲ್ಲಿ ವಾಪಸು ಬಂದ. ಆಮೇಲೆ ಮೂರು ದಿನ ಕೊಪ್ಪರಿಗೆಯ ಬಳಿಯಿಂದ ಕದಲಲಿಲ್ಲ. ಬೇರೆಯವರ ಸರದಿಯನ್ನೂ ತಾನೇ ತೆಗೆದುಕೊಂಡು ಸೌದೆ ಹಾಕಿದ. ತೊಟ್ಟಿಯಿಂದ ಸೋರಿದ ಕಂದು ನೀರು ಕುದಿದು ಇಂಗುತ್ತಾ ಇಂಗುತ್ತಾ ಬಂತು; ಅದರ ಆವಿ ಊರೆಲ್ಲ ಹರಡಿ ತೊಳೆದು ಒಣಗಹಾಕಿದ ಬಟ್ಟೆಗೂ ಆ ವಾಸನೆ ಹತ್ತಿತು. ಮೂರನೆಯ ದಿನ ನಾನು ಹತ್ತಿರ ಹೋಗಿ ಕೂತೆ.

"ಬೈಯಿ ಅಣ್ಣ. ನನಗಾದ್ರೂ ಬೈಯಿ."

ಅವನು ಬೆಂಕಿಯನ್ನೇ ನೋಡುತ್ತಿದ್ದ. "ಯಾಕೆ ಬೈಲಿ? ಪೋವೆಲ್ ಕೋವಿಗೆ ಮದ್ದು ಬೇಕಲ್ವಾ? ಹೋಗಬೇಕಿದ್ದವನು ಕೊನೆಗೂ ಹೋಗ್ತಿದಾನೆ." ಇನ್ನೊಂದು ಸೌದೆ ಹಾಕಿದ.

ತಳದಲ್ಲಿ ಬಿಳಿಯ ಹರಳು ಕಟ್ಟಿದಾಗ ಮಾಸ್ತರ ಊರವರನ್ನೆಲ್ಲ ಕರೆದು ತೋರಿಸಿದ. ಉದ್ದುದ್ದದ, ಶುದ್ಧವಾದ ಹರಳು. "ಎಲಿನಮ್ಮನಂಥವರು ಊರಿಗೆ ಇಬ್ಬರಿದ್ರೆ ಅರಸರು ಎಂದೋ ಗೆದ್ದು ಬರ್ತಿದ್ರು," ಎಂದ. ಎಲ್ಲರೂ ಅವಳ ಕಡೆ ತಿರುಗಿದರು. ಗುಡ್ಮುಂಡನೂ ತಿರುಗಿದ, ಟೊಪ್ಪಿ ತೆಗೆದ. ಅವಳು ಬಿದ್ದುಹೋಗುತ್ತಾಳೆಂದು ನಾನು ತೋಳು ಹಿಡಿದುಕೊಂಡೆ, ಅವಳು ಬಿಡಿಸಿಕೊಂಡಳು. ಮರುದಿನ ಪೀಪಾಯಿಗಳು ಮುದ್ರೆ ಒತ್ತಿಸಿಕೊಂಡು ಮದ್ದಿನ ಗಿರಣಿಗೆ ಹೋದವು.

ಎಲಿನ್‌ಗೆ ಉಳಿದದ್ದು ಒಂದೇ ಪ್ರಶ್ನೆ. ಮುಂದಿನ ಭಾನುವಾರ ಚರ್ಚಿನ ದಿಬ್ಬದ ಮೇಲೆ ಅವನೆದುರು ನಿಂತು ಕೇಳಿದಳು: "ಎಲ್ಲಿಟ್ಟಿದೀಯ ಅಣ್ಣ? ಬೇರೇನೂ ಕೇಳಲ್ಲ."

"ಪೋವೆಲ್ ಬಂದ ದಿನ ಹೇಳ್ತೀನಿ."

"ಬರದಿದ್ರೆ?"

"ಬರ್ಲಿ ಅಂತ ಬೇಡ್ಕೋ."

ಅವಳು ಬೇಡಿಕೊಂಡಳು. ಒಂಬತ್ತು ವರ್ಷ. ತನ್ನ ಸ್ವಂತ ಮಗನೇನೋ ಎಂಬಂತೆ, ದಕ್ಷಿಣದಿಂದ ಬಂದ ಪ್ರತಿ ಕುಂಟ ಸಿಪಾಯಿಯನ್ನೂ ಕರೆದು ಗಂಜಿ ಕೊಟ್ಟು ಪೋವೆಲ್‌ನ ಗುರುತು ಹೇಳಿ ವಿಚಾರಿಸಿದಳು. ಗುಡ್ಮುಂಡ್ ಒಂದು ದಿನವೂ ಅವಳಿಗೆ ಕೆಟ್ಟ ಮಾತಾಡಲಿಲ್ಲ. ಅವಳ ಬೇಲಿ ಬಿದ್ದರೆ ತಾನೇ ಎತ್ತಿ ನಿಲ್ಲಿಸಿದ. ಅದು ಅವಳನ್ನು ಇನ್ನಷ್ಟು ಹೆದರಿಸುತ್ತಿತ್ತು. ಅವನಿಲ್ಲದಾಗ ಅವನ ಹೊಲದ ಅಂಚು, ಹಂದಿಗೂಡಿನ ಹಿಂಬದಿ, ಜವುಗಿನ ದಂಡೆ ಎಲ್ಲ ನಾನು ಕೋಲಿನಿಂದ ಚುಚ್ಚಿ ನೋಡಿದ್ದೇನೆ. ಏನೂ ಸಿಗಲಿಲ್ಲ.

ಶಾಂತಿಯಾಯಿತು. ಅರಸ ಆಗಲೇ ಸತ್ತಿದ್ದ. ಕೆಲವರು ಮರಳಿ ಬಂದರು. ಪೋವೆಲ್ ಬರಲಿಲ್ಲ, ಅವನ ಸಾವಿನ ಸುದ್ದಿಯೂ ಬರಲಿಲ್ಲ. ಆ ವರ್ಷ ಶರತ್ಕಾಲದಲ್ಲಿ ಗುಡ್ಮುಂಡ್ ಹಾಸಿಗೆ ಹಿಡಿದ. ಪಾದ್ರಿಗೆ ಬರಲು ತಡವಾಗಿ ನನ್ನನ್ನು ಮುಂದೆ ಕಳಿಸಿದರು. ಎಲಿನ್ ಅಲ್ಲಿಗೆ ನನಗಿಂತ ಮೊದಲೇ ಬಂದು ತಲೆದಿಂಬಿನ ಬಳಿ ನಿಂತಿದ್ದಳು. ಮಧ್ಯಾಹ್ನದ ಬಿಸಿಲು ಅವನ ಹೊದಿಕೆಯ ಮೇಲೆ ಬಿದ್ದಿತ್ತು. ಕಣ್ಣು ಮಂಜಾಗಿ ಅವನಿಗೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ, ಆದರೆ ನನ್ನ ದನಿ ಗುರುತಿಸಿದ.

"ಗಂಟೆಯವನಾ?"

"ಹೌದು ಅಣ್ಣ."

"ಪೋವೆಲ್ ಬಂದ್ನಾ?"

ಎಲಿನ್ ನನ್ನ ತೋಳು ಹಿಡಿದಳು. ಅವಳ ಬಾಯಿ ನನ್ನ ಕಿವಿಯ ಹತ್ತಿರವಿತ್ತು. "ಹೌದು ಅನ್ನು," ಎಂದಳು. "ಒಂದೇ ಮಾತು. ಹೌದು ಅಂದ್ಬಿಡು ಹೋಕನಣ್ಣ."

ಹನ್ನೊಂದು ವರ್ಷ ಸುಳ್ಳಿನ ಮೇಲೇ ಕೂತು ಗಂಟೆ ಹೊಡೆದವನು ನಾನು. ಇನ್ನೊಂದು ಸುಳ್ಳಿನಿಂದ ಏನು ಕಡಿಮೆಯಾಗುತ್ತಿತ್ತು? ಆದರೆ ಸಾಯುವವನ ಮುಖ ನೋಡಿ, ಮಗ ಬಾಗಿಲಲ್ಲಿದ್ದಾನೆ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ.

"ಇಲ್ಲ ಅಣ್ಣ," ಎಂದೆ. "ಇನ್ನೂ ಬಂದಿಲ್ಲ."

ಅವನು ಗೋಡೆಯ ಕಡೆ ತಿರುಗಿದ. ಪಾದ್ರಿ ಬರುವ ಹೊತ್ತಿಗೆ ಮುಗಿದಿತ್ತು.

ಎಲಿನ್ ಇನ್ನೂ ಇದ್ದಾಳೆ. ನನ್ನ ಜೊತೆ ಮಾತಾಡುವುದಿಲ್ಲ. ಅದು ನ್ಯಾಯವೇ. ನಾನು ಹೇಳಿದ್ದು ಧರ್ಮವೋ ಹೇಡಿತನವೋ ಎಂದು ಹೊಸ ಪಾದ್ರಿಯನ್ನು ಕೇಳಬೇಕೆಂದು ಎಷ್ಟೋ ಸಲ ಹೊರಟು ವಾಪಸು ಬಂದಿದ್ದೇನೆ. ಗುಡ್ಮುಂಡ್ ಅಂದು ಹಟ್ಟಿಯಲ್ಲಿ ಕರು ಎಂದದ್ದು ನಮ್ಮನ್ನು ಉಳಿಸಲೋ, ಶಿಕ್ಷಿಸಲೋ, ಅದು ನನಗೆ ಗೊತ್ತಿಲ್ಲ. ಪೋವೆಲ್ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಮೋನ್ಸ್‌ನ ಮೂಳೆಗಳು ಎಲ್ಲಿವೆ ಎಂಬುದೂ ಗೊತ್ತಿಲ್ಲ.